ತಲೆಯೊಳಗಿನ ಚಳುಕು

ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠದಲ್ಲಿ ರೋಗಿಗಳಿಗೆ ಔಷಧದಾನ ನಡೆಯುತ್ತಿತ್ತೆಂದು 1162ರ ಶಾಸನ ಸಾರುತ್ತದೆ. ಬೇನೆಯನ್ನು ಬಲ್ಲವರಲ್ಲಿ ಹೇಳಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. ಆದರೂ ಒಂದು ನೋವನ್ನು ಹೇಳಿಕೊಳ್ಳಲು ಹಿಂಜರಿಯುತ್ತೇವೆ: ತಲೆಯಲ್ಲಿ ದಬ್ಬಣ ಚುಚ್ಚಿದಂತೆ ಫಕ್ಕನೆ ಮೂಡಿ, ಎರಡು ಮೂರು ಸೆಕೆಂಡುಗಳಲ್ಲಿ ಮಾಯವಾಗುವ ಚಳುಕು. ಚಳುಕು ಹೋದರೂ ಅಂಜಿಕೆ ಉಳಿಯುತ್ತದೆ. ಮಿದುಳಿನಲ್ಲಿ ಗಡ್ಡೆಯೇನೋ ಎಂದು ನಿದ್ದೆಗೆಡುವವರುಂಟು.

ಕೇಳುಗರೇ, ಇಂಥ ಚಳುಕು ಬಹುಮಟ್ಟಿಗೆ ನಿರಪಾಯಕರ. ಅರೆತಲೆನೋವುಳ್ಳವರಲ್ಲಿ ಇದು ಹೆಚ್ಚು. ಪದೇ ಪದೇ ಕಾಡಿದರೆ ವೈದ್ಯರು ಇಂಡೊಮೆಥಾಸಿನ್ ಕೊಡುವುದುಂಟು. ಅದು ಹೊಟ್ಟೆಗೆ ಬಾಧಕವಾಗಬಲ್ಲದು, ತಾವಾಗಿಯೇ ಕೊಂಡು ನುಂಗತಕ್ಕದ್ದಲ್ಲ.

ಇದನ್ನು ಹೋಲುವ ಬೇರೆ ನೋವುಗಳೂ ಇವೆ. ಅಗಿಯುವಾಗ, ಮುಖ ತೊಳೆಯುವಾಗ ಕೆನ್ನೆಯಲ್ಲಿ ಮಿಂಚು ಹೊಡೆದಂತಾದರೆ ಅದು ಮುಖದ ನರದ ಬೇನೆಯಿರಬಹುದು. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ತೊಡಗಿ, ಅಗಿಯುವಾಗ ದವಡೆ ನೊಂದು, ಕಣ್ಣು ಮಂಜಾದರೆ ಕಣತಲೆಯ ರಕ್ತನಾಳದ ಉರಿಯೂತವನ್ನು ಶಂಕಿಸಬೇಕು. ತಡಮಾಡಿದರೆ ದೃಷ್ಟಿಯೇ ಹೋದೀತು. ಸಿಡಿಲೆರಗಿದಂತೆ ಒಂದೇ ನಿಮಿಷದೊಳಗೆ ತುದಿಗೇರಿ ಇಳಿಯದೆ ನಿಂತ ನೋವು ಮಿದುಳಿನ ರಕ್ತಸ್ರಾವವಿರಬಹುದು. ಆಗ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಉಳಿದಂತೆ, ಚಳುಕು ಬಂದ ದಿನ, ಜಾಗ, ಇದ್ದ ಹೊತ್ತು, ಇಷ್ಟನ್ನು ಬರೆದಿಟ್ಟು ವೈದ್ಯರ ಮುಂದಿಡಿ. ಅವರ ಅರ್ಧ ಕೆಲಸ ಅಲ್ಲಿಯೇ ಮುಗಿದಿರುತ್ತದೆ.