ಸರ್ಕಲ್ಲಿನಲ್ಲಿ ದಾರಿ ಯಾರದು?

(ಮಿಲ್ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಕೂಡು ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಊರಿನ ದೊಡ್ಡ ಸರ್ಕಲ್ಲನ್ನು ಅಗಲ ಮಾಡುವ ಸಂಗತಿ ನಗರಸಭೆಯ ಮುಂದೆ ಬಂದಿರುವುದನ್ನು ತಾವೆಲ್ಲ ಬಲ್ಲಿರಿ. ನಕ್ಷೆಯನ್ನು ನೋಟೀಸು ಹಲಗೆಗೆ ಅಂಟಿಸಿದ್ದಾರೆ. ಈಗ ಒಂದು ಸಾಲಿನಲ್ಲಿ ಸುತ್ತುವ ವಾಹನಗಳು ಮುಂದೆ ಎರಡು ಸಾಲಿನಲ್ಲಿ ಸುತ್ತಬೇಕು, ಅದಕ್ಕಾಗಿ ನಾಲ್ಕೂ ಮೂಲೆಯ ಫುಟ್‌ಪಾತನ್ನು ಕತ್ತರಿಸಬೇಕು, ತಳ್ಳುಗಾಡಿಯವರನ್ನು ಎಬ್ಬಿಸಬೇಕು. ಇಷ್ಟೇ ಅದರ ಸಾರ. ಇದು ಬೇಕೇ ಬೇಕು ಎನ್ನುವವರು ಕೆಲವರು. ಸರ್ಕಲ್ಲನ್ನೇ ಕಿತ್ತು ಸಿಗ್ನಲ್ ದೀಪ ಹಾಕಿರಿ ಎನ್ನುವವರು ಮತ್ತೆ ಕೆಲವರು. ಯಾವ ಪಕ್ಷವನ್ನಾದರೂ ಹಿಡಿಯುವ ಮೊದಲು ಈ ಸರ್ಕಲ್ಲು ಎಂಬ ಯಂತ್ರ ಹೇಗೆ ನಡೆಯುತ್ತದೆ ಎಂಬುದನ್ನು ನಾವು ತಿಳಿದುಕೊಳ್ಳಬೇಕು. ಮಗ್ಗದ ಮುಂದೆ ನಿಲ್ಲುವವನಿಗೆ ಮಗ್ಗ ಎಲ್ಲಿ ಕೈ ಕಚ್ಚುತ್ತದೆ ಎಂಬುದು ಗೊತ್ತಿರಬೇಡವೆ?

ನಮ್ಮ ಊರುಗಳಲ್ಲಿ ನಾಲ್ಕು ರಸ್ತೆ ಕೂಡಿದ ಕಡೆಗೆಲ್ಲ ಸರ್ಕಲ್ಲು ಎಂದೇ ಹೆಸರು. ಅಲ್ಲಿ ದುಂಡಗಿನದೇನೂ ಇರಬೇಕಾಗಿಲ್ಲ. ಒಂದು ಪೆಟ್ರೋಲ್ ಬಂಕು, ಎರಡು ಬೀಡಾ ಅಂಗಡಿ ಇದ್ದರೂ ಸಾಕು. ನಾನು ಹೇಳುತ್ತಿರುವುದು ನಡುವೆ ಕಟ್ಟೆಯಿದ್ದು ವಾಹನಗಳು ಅದನ್ನು ಸುತ್ತಿ ಹೋಗುವ ನಿಜವಾದ ಸರ್ಕಲ್ಲಿನ ವಿಚಾರ. ನಮ್ಮ ದೇಶದಲ್ಲಿ ಗಾಡಿಗಳು ಎಡಬದಿಯಲ್ಲಿ ಹೋಗುವುದರಿಂದ ಈ ಸುತ್ತು ದೇವಸ್ಥಾನದ ಪ್ರದಕ್ಷಿಣೆಯಂತೆಯೇ ಆಗುತ್ತದೆ, ಕಟ್ಟೆ ಯಾವಾಗಲೂ ಬಲಗಡೆಗೆ. ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಅಪ್ರದಕ್ಷಿಣೆ.

1905ರಲ್ಲಿ ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ಲಿನಲ್ಲಿ ವಿಲಿಯಂ ಫೆಲ್ಪ್ಸ್ ಈನೋ ಎಂಬಾತ ಎಲ್ಲ ಗಾಡಿಗಳೂ ಒಂದೇ ದಿಕ್ಕಿನಲ್ಲಿ ಸುತ್ತುವಂತೆ ಏರ್ಪಾಡು ಮಾಡಿದ. 1907ರಲ್ಲಿ ಪ್ಯಾರಿಸ್ಸಿನಲ್ಲಿ, ಹನ್ನೆರಡು ಬೀದಿಗಳು ಕೂಡುವ ಎತ್ವಾಲ್ ಚೌಕದಲ್ಲಿ, ಯೂಜಿನ್ ಹೆನಾರನ ಸಲಹೆಯಂತೆ ಅದೇ ಕ್ರಮ ಬಂತು. ದಿಕ್ಕು ಗೊತ್ತಾಯಿತು. ಆದರೆ ಒಳಗೆ ಸುತ್ತುತ್ತಿರುವವನು ಮೊದಲೋ, ಹೊರಗಿನಿಂದ ಬರುವವನು ಮೊದಲೋ ಎಂಬ ಪ್ರಶ್ನೆಗೆ ಬಹಳ ಕಾಲ ಸರಿಯಾದ ಉತ್ತರ ಸಿಗಲಿಲ್ಲ. ಅನೇಕ ಕಡೆ ಹೊರಗಿನಿಂದ ಬರುವವನಿಗೇ ಮೊದಲ ಹಕ್ಕು ಇತ್ತು.

ಇದರ ಫಲ ಏನೆಂಬುದನ್ನು ಮಿಲ್ಲಿನ ಗೇಟು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ ಒಳಗೆ ಹೋಗುವವರಿಗೆ ಮೊದಲು ದಾರಿ ಎಂದರೆ ಹೊರಗೆ ಬರುವವರು ಗೇಟಿನಲ್ಲೇ ನಿಲ್ಲುತ್ತಾರೆ. ಅವರು ನಿಂತದ್ದರಿಂದ ಒಳಗೆ ಹೋಗುವವರಿಗೂ ಜಾಗವಿಲ್ಲ. ಕೊನೆಗೆ ಯಾರೂ ಅಲುಗುವಂತಿಲ್ಲ. ಸರ್ಕಲ್ಲಿನಲ್ಲಿಯೂ ಹಾಗೆಯೇ. ಬರುವವರಿಗಾಗಿ ಸುತ್ತುವವರು ನಿಂತರೆ ಅವರ ಬೆನ್ನಿಗೆ ಇರುವ ಹೊರದಾರಿ ಮುಚ್ಚುತ್ತದೆ, ಹಾವು ತನ್ನ ಬಾಲವನ್ನೇ ನುಂಗಿದಂತೆ ಇಡೀ ಸರ್ಕಲ್ಲು ಬಿಗಿದುಕೊಳ್ಳುತ್ತದೆ. ಈ ಕಾರಣದಿಂದಲೇ 1950ರ ಸುಮಾರಿಗೆ ಅಮೆರಿಕದ ಇಂಜಿನಿಯರುಗಳು ಸರ್ಕಲ್ಲುಗಳ ಸಹವಾಸವೇ ಬೇಡವೆಂದುಕೊಂಡರು.

ಗಂಟು ಬಿಡಿಸಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ರಸ್ತೆ ಸಂಶೋಧನಾಲಯದ ಇಂಜಿನಿಯರ್ ಫ್ರಾಂಕ್ ಬ್ಲ್ಯಾಕ್‌ಮೋರ್ ಮೊದಲಾದವರು ಪ್ರಯೋಗ ಮಾಡಿ ನೋಡಿದ ಮೇಲೆ 1966ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಒಂದು ನಿಯಮ ತಂದಿತು: ಸರ್ಕಲ್ಲಿಗೆ ಬರುವವನು ತನ್ನ ಬಲಗಡೆಯಿಂದ ಬರುವವನಿಗೆ, ಅಂದರೆ ಆಗಲೇ ಸುತ್ತುತ್ತಿರುವವನಿಗೆ ದಾರಿ ಬಿಡತಕ್ಕದ್ದು. ಅಷ್ಟೇ. ಒಂದು ಮೂಟೆ ಸಿಮೆಂಟೂ ಖರ್ಚಾಗದೆ ಸರ್ಕಲ್ಲು ಬಿಗಿಯುವುದು ನಿಂತಿತು. ಫ್ರಾನ್ಸು 1980ರ ದಶಕದಲ್ಲಿ ಈ ಕ್ರಮಕ್ಕೆ ಬಂತು. ಪ್ಯಾರಿಸ್ಸಿನ ಆ ಎತ್ವಾಲ್ ಚೌಕ ಮಾತ್ರ ಇಂದಿಗೂ ಹಳೆಯ ಹಠವನ್ನೇ ಹಿಡಿದಿದೆ. ಅಲ್ಲಿ ಬರುವವನಿಗೇ ಮೊದಲ ಹಕ್ಕು. ಅದನ್ನು ನೋಡಲೆಂದೇ ಪ್ರವಾಸಿಗಳು ಹೋಗಿ ನಿಲ್ಲುತ್ತಾರಂತೆ.

ನಮ್ಮ ಕಾನೂನೇನೂ ಹಿಂದೆ ಬಿದ್ದಿಲ್ಲ. ರಸ್ತೆಗಳು ಕೂಡುವಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬ ಮಾತು 1989ರ ನಿಯಮಗಳಲ್ಲಿಯೇ ಇತ್ತು. ಸರ್ಕಲ್ಲಿನೊಳಗೆ ಇರುವವನಿಗೆ ಮೊದಲ ಹಕ್ಕು ಎಂಬುದು 2017ರ ಚಾಲನಾ ನಿಯಮಗಳಲ್ಲಿ ಬಂದಿದೆ. ಆದರೆ ಬೀದಿಯಲ್ಲಿ ನಡೆಯುವ ಕಾನೂನು ಬೇರೆ. ಅಲ್ಲಿ ಮೊದಲ ಹಕ್ಕು ಲಾರಿಗೆ, ಎರಡನೆಯದು ಬಸ್ಸಿಗೆ, ಮೂರನೆಯದು ಹಾರನ್ನು ಗಟ್ಟಿಯಾಗಿದ್ದವನಿಗೆ. ಸೈಕಲ್ಲಿನವನ ಸರದಿ ಯಾವಾಗ ಬರುತ್ತದೆಯೋ ತಿಳಿಯದು.

ಇನ್ನು ಒಂದು ಸಾಲಿನ ಸರ್ಕಲ್ಲಿನ ಗುಣವನ್ನು ಹೇಳುತ್ತೇನೆ. ನಾಲ್ಕು ರಸ್ತೆಗಳು ಬರಿದೇ ಕೂಡಿದರೆ ವಾಹನಗಳ ದಾರಿಗಳು ಒಂದನ್ನೊಂದು ಮುಟ್ಟುವ ಅಥವಾ ಕತ್ತರಿಸುವ ಜಾಗಗಳು 32. ಅಲ್ಲಿಯೇ ಒಂದು ಸಾಲಿನ ಸರ್ಕಲ್ಲು ಕಟ್ಟಿದರೆ ಅವು 8ಕ್ಕೆ ಇಳಿಯುತ್ತವೆ. ಎದುರುಬದುರು ಗುದ್ದುವುದು, ಹೊಟ್ಟೆಗೆ ಅಡ್ಡ ನುಗ್ಗುವುದು, ಈ ಎರಡು ಭಯಂಕರ ಅಪಘಾತಗಳು ಹೆಚ್ಚುಕಡಿಮೆ ಇಲ್ಲವಾಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಕಟ್ಟೆಗಾಗಿ ಬಾಗಬೇಕಾದ್ದರಿಂದ ಯಾವ ಶೂರನೂ ವೇಗ ತಗ್ಗಿಸಲೇಬೇಕು. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಗಾಡಿಯ ಹೊಡೆತ 30ರಲ್ಲಿ ಬರುವುದರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಮೆರಿಕದಲ್ಲಿ ಮಾಮೂಲು ಕೂಡುರಸ್ತೆಗಳನ್ನು ಹೊಸ ರೀತಿಯ ಸರ್ಕಲ್ಲುಗಳಾಗಿ ಮಾರ್ಪಡಿಸಿದ ಕಡೆ ಲೆಕ್ಕ ಹಾಕಿದರು. 2001ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಗಾಯವಾಗುವ ಅಪಘಾತಗಳು ಸುಮಾರು ನಾಲ್ಕರಲ್ಲಿ ಮೂರು ಪಾಲು ಇಳಿದವು. ಸಾವು ಮತ್ತು ಅಂಗ ಊನವಾಗುವ ಅಪಘಾತಗಳು ಸುಮಾರು ನೂರಕ್ಕೆ ತೊಂಬತ್ತರಷ್ಟು ಕಡಿಮೆಯಾದುವೆಂದು ಅಂದಾಜಾಯಿತು. ಆದಕಾರಣ ಸರ್ಕಲ್ಲನ್ನೇ ಕಿತ್ತುಹಾಕಿ ಎನ್ನುವ ಮಿತ್ರರು ಸ್ವಲ್ಪ ತಾಳಬೇಕು.

ಆದರೆ ಎರಡು ಸಾಲು ಮಾಡಿದಾಗ ಈ ಲಾಭ ಅಷ್ಟು ಉಳಿಯುವುದಿಲ್ಲ. ಏಕೆಂಬುದನ್ನು ದಯವಿಟ್ಟು ಗಮನವಿಟ್ಟು ಕೇಳಿರಿ, ನಮ್ಮ ಜಗಳವೆಲ್ಲ ಇಲ್ಲಿಯೇ ಇದೆ.

ಒಳಸಾಲು ಕಟ್ಟೆಯ ಪಕ್ಕದ್ದು, ಹೊರಸಾಲು ಅಂಗಡಿಗಳ ಕಡೆಯದು. ಒಳಸಾಲಿನಲ್ಲಿರುವವನು ಹೊರಗೆ ಹೋಗಬೇಕಾದರೆ ಹೊರಸಾಲನ್ನು ದಾಟಲೇಬೇಕು. ಆಗ ಹೊರಸಾಲಿನವನೂ ಅದೇ ದಾರಿಯಲ್ಲಿ ಹೊರಬಿದ್ದರೆ ತೊಂದರೆಯಿಲ್ಲ. ಅವನು ಹೊರಬೀಳದೆ ಮುಂದಕ್ಕೆ ಸುತ್ತಿದರೆ? ಒಬ್ಬನ ಮೂತಿ ಮತ್ತೊಬ್ಬನ ಪಕ್ಕೆಗೆ. ಕ್ರಮವೇನೆಂದರೆ, ಎಡಕ್ಕೆ ತಿರುಗುವವನು ಎಡಸಾಲಿನಲ್ಲಿ ಬರಬೇಕು, ಬಲಕ್ಕೆ ಹೋಗುವವನು ಬಲಸಾಲಿನಲ್ಲಿ ಬಂದು ಕಟ್ಟೆಯ ಪಕ್ಕ ಸುತ್ತಬೇಕು. ನಮ್ಮಲ್ಲಿ ಆಟೋದವನು ಎಡ ಮೂಲೆಯಲ್ಲಿ ಸವಾರಿಯನ್ನು ಹತ್ತಿಸಿಕೊಂಡು ಅಲ್ಲಿಂದಲೇ ಮುಕ್ಕಾಲು ಸುತ್ತು ಹಾಕಿ ಬಲದ ರಸ್ತೆಗೆ ಹೋಗುತ್ತಾನೆ. ಅವನನ್ನೊಬ್ಬನನ್ನೇ ಬೈದು ಫಲವಿಲ್ಲ. ಬಲಕ್ಕೆ ಹೋಗುವವನು ಯಾವ ಸಾಲು ಹಿಡಿಯಬೇಕೆಂಬುದನ್ನು ಸರ್ಕಲ್ಲಿಗೆ ನೂರು ಗಜ ಮೊದಲೇ ಅವನಿಗೆ ಯಾರು ಹೇಳಿದರು? ಅಲ್ಲಿ ಫಲಕವಿದೆಯೆ? ನೆಲದ ಮೇಲೆ ಬಾಣದ ಗುರುತಿದೆಯೆ?

ಇನ್ನೊಂದು ತೊಡಕು. ಎರಡು ಸಾಲಿನ ಅಗಲವಿದ್ದರೆ ರಸ್ತೆ ಖಾಲಿಯಿರುವಾಗ ಚಾಲಕನು ಹೊರಸಾಲಿನಿಂದ ಒಳಸಾಲಿಗೆ, ಮತ್ತೆ ಹೊರಸಾಲಿಗೆ ಜಾರಿ, ಬಾಗನ್ನು ನೇರ ಮಾಡಿಕೊಂಡು ಹಾದುಬಿಡುತ್ತಾನೆ. ಬಳಸುವ ದಾರಿ ಬಿಟ್ಟು ನೇರ ದಾರಿ ಹುಡುಕುವುದು ನೀರಿಗೂ ಸ್ವಭಾವ, ಚಾಲಕನಿಗೂ ಸ್ವಭಾವ. ಬಣ್ಣದ ಗೆರೆ ಅವನನ್ನು ತಡೆಯುವುದಿಲ್ಲ. ಸರ್ಕಲ್ಲಿನ ಮುಖ್ಯ ಗುಣವಾದ ವೇಗ ತಗ್ಗಿಸುವಿಕೆಯೇ ಹೀಗೆ ಕೈಬಿಟ್ಟುಹೋಗುತ್ತದೆ.

ಕಾಲುನಡಿಗೆಯವರ ಗತಿ ಇನ್ನೂ ಕಷ್ಟ. ಒಂದು ಸಾಲಿದ್ದಾಗ ಬಸ್ಸಿನವನು ನಿಂತು ದಾರಿ ಬಿಟ್ಟರೆ ನೀವು ದಾಟಬಹುದು. ಎರಡು ಸಾಲಿದ್ದಾಗ ಆ ಪುಣ್ಯಾತ್ಮನು ನಿಂತದ್ದೇ ಮುಳುವಾಗುತ್ತದೆ. ಅವನ ಬಸ್ಸಿನ ಮರೆಯಿಂದ ಪಕ್ಕದ ಸಾಲಿನ ಮೋಟಾರು ಸೈಕಲ್ಲು ನಿಮಗೆ ಕಾಣಿಸುವುದಿಲ್ಲ, ನೀವು ಅವನಿಗೆ ಕಾಣಿಸುವುದಿಲ್ಲ. ಮಗುವಿನ ಕೈ ಹಿಡಿದು ದಾಟುವ ತಾಯಂದಿರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಇದಕ್ಕೆ ಉಪಾಯವೇ ಇಲ್ಲವೆ ಎಂದರೆ, ಇದೆ. ಹಾಲೆಂಡಿನಲ್ಲಿ ಬರ್ಟುಸ್ ಫೋರ್ಟೈನ್ ಎಂಬ ಇಂಜಿನಿಯರ್ 1996ರಲ್ಲಿ ಹೊಸ ರೀತಿಯ ಸರ್ಕಲ್ಲೊಂದನ್ನು ರೂಪಿಸಿದರು. ಟರ್ಬೊ ಎಂದು ಅದರ ಹೆಸರು. ಅದರಲ್ಲಿ ಸಾಲುಗಳು ದುಂಡಗಿಲ್ಲ, ಶಂಖದ ಸುರುಳಿಯಂತೆ ಒಳಗಿನಿಂದ ಹೊರಕ್ಕೆ ಬಿಚ್ಚಿಕೊಳ್ಳುತ್ತವೆ. ನೀವು ಹೋಗಬೇಕಾದ ಊರಿಗೆ ತಕ್ಕ ಸಾಲನ್ನು ಒಳಗೆ ಹೋಗುವ ಮೊದಲೇ ಆರಿಸಿಕೊಂಡರೆ ಆ ಸಾಲೇ ನಿಮ್ಮನ್ನು ಹೊರದಾರಿಗೆ ತಂದು ಬಿಡುತ್ತದೆ. ನಡುವೆ ಸಾಲು ಬದಲಿಸುವ ಪ್ರಮೇಯವೇ ಇಲ್ಲ; ಬದಲಿಸಲು ಹೋದರೆ ಸಾಲುಗಳ ನಡುವಿನ ತಗ್ಗಾದ ಕಲ್ಲಿನ ಅಂಚು ಚಕ್ರಕ್ಕೆ ತಾಗುತ್ತದೆ. ಹಾಲೆಂಡಿನಲ್ಲಿ ಈಗ ಇಂಥವು ನೂರಾರಿವೆ. ಚಾಲಕರನ್ನೆಲ್ಲ ಸಾಧುಗಳನ್ನಾಗಿ ಮಾಡಿದ ಮೇಲೆ ರಸ್ತೆ ಮಾಡೋಣ ಎಂದು ಅವರು ಕಾದು ಕೂರಲಿಲ್ಲ. ತಪ್ಪು ಮಾಡುವುದು ಸುಲಭವಾಗದಂತೆ ರಸ್ತೆಯನ್ನು ಮಾಡಿದರು. ಯಂತ್ರಕ್ಕೆ ರಕ್ಷಣೆಯ ಜಾಲರಿ ಹಾಕಿರಿ ಎಂದು ಕಾರ್ಮಿಕ ಕೇಳಿದಾಗ ‘ಹುಷಾರಾಗಿ ಕೆಲಸ ಮಾಡು’ ಎನ್ನುವ ಮಾಲೀಕರ ಉತ್ತರ ನಮಗೆ ಹೊಸದಲ್ಲವಷ್ಟೆ.

ಸೈಕಲ್ಲಿನವರ ವಿಷಯದಲ್ಲಿ ಸರ್ಕಲ್ಲನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಭಾಗದಲ್ಲಿ 91 ಸರ್ಕಲ್ಲುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸರ್ಕಲ್ಲು ಕಟ್ಟಿದ ಮೇಲೆ ಸೈಕಲ್ಲಿನವರು ಗಾಯಗೊಂಡ ಅಪಘಾತಗಳು ನೂರಕ್ಕೆ 27ರಷ್ಟು ಹೆಚ್ಚಿದ್ದು ಕಂಡುಬಂತು. ಕಾರಿನವನಿಗೆ ಕ್ಷೇಮವಾದದ್ದು ಸೈಕಲ್ಲಿನವನಿಗೆ ತಾನಾಗಿ ಕ್ಷೇಮವಾಗುವುದಿಲ್ಲ. ಹಾಲೆಂಡಿನವರು ಸರ್ಕಲ್ಲಿನ ಹೊರಗೆ ಸೈಕಲ್ಲಿಗೇ ಬೇರೆ ಉಂಗುರದಾರಿ ಹಾಕುತ್ತಾರೆ. ಎರಡು ಸಾಲಿನ ದೊಡ್ಡ ಸರ್ಕಲ್ಲುಗಳಲ್ಲಿ ನೆಲದ ಕೆಳಗೆ ದಾರಿ ಕೊಡುವುದೂ ಉಂಟು. ನಮ್ಮ ನಕ್ಷೆಯಲ್ಲಿ ಸೈಕಲ್ಲು ಎಂಬ ಮಾತೇ ಇಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯೇ ಕೊಟ್ಟ ಲೆಕ್ಕ ಇದು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ಮೋಟಾರಿನವರು, ಸುಮಾರು 19 ಮಂದಿ ಕಾಲುನಡಿಗೆಯವರು. ಕತ್ತರಿಸಲು ಹೊರಟಿರುವುದು ಯಾರ ಕಾಲಕೆಳಗಿನ ನೆಲವನ್ನು ಎಂಬುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿರಿ.

ವಾಹನ ಹೆಚ್ಚಿದೆ, ಒಂದು ಸಾಲು ಸಾಲದು ಎನ್ನುತ್ತಾರೆ. ಇರಬಹುದು; ಎರಡು ಸಾಲು ಹೆಚ್ಚು ವಾಹನಗಳನ್ನು ದಾಟಿಸುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಣಿಸಿದ್ದಾರೆಯೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯೊಂದಿದೆ. ಹೆಸರು ಕೇಳಿ ಗಾಬರಿಯಾಗಬೇಡಿ, ಅದು ಚುನಾವಣೆಗೆ ನಿಲ್ಲುವುದಿಲ್ಲ. 1934ರಲ್ಲಿ ಹುಟ್ಟಿದ ಇಂಜಿನಿಯರುಗಳ ಸಂಸ್ಥೆ. ಅದು 1976ರಲ್ಲಿ ಹೊರತಂದ ಸರ್ಕಲ್ಲುಗಳ ಪುಸ್ತಕದಲ್ಲಿ, ಎಲ್ಲ ರಸ್ತೆಗಳಿಂದಲೂ ಸೇರಿ ಗಂಟೆಗೆ 3000 ವಾಹನಗಳವರೆಗೆ ಸರ್ಕಲ್ಲು ಚೆನ್ನಾಗಿ ನಿಭಾಯಿಸಬಲ್ಲದು ಎಂದು ಹೇಳಿತ್ತು. 2017ರಲ್ಲಿ ಆ ಪುಸ್ತಕವನ್ನು ಪರಿಷ್ಕರಿಸಿದ್ದಾರೆ. ಅಮೆರಿಕದ ಕೈಪಿಡಿಯೊಂದು ಒಂದು ಸಾಲಿನ ಸರ್ಕಲ್ಲಿಗೆ ದಿನಕ್ಕೆ ಸುಮಾರು 25,000 ವಾಹನಗಳವರೆಗೆ ಒಪ್ಪುತ್ತದೆ, ಅದೂ ಬಹುಪಾಲು ಕಾರುಗಳ ಲೆಕ್ಕದಲ್ಲಿ. ನಮ್ಮ ಸರ್ಕಲ್ಲಿನಲ್ಲಿ ಪಾಳಿ ಬಿಡುವ ಹೊತ್ತಿನ ಎಣಿಕೆ ಎಷ್ಟು? ನೋಟೀಸು ಹಲಗೆಯ ಮೇಲೆ ಆ ಸಂಖ್ಯೆ ಇಲ್ಲ. ವಾಹನಗಳು ನಿಜಕ್ಕೂ ಮಿತಿ ಮೀರಿದ ಚಂಡೀಗಢದಂಥ ಕಡೆ ದೊಡ್ಡ ಸರ್ಕಲ್ಲುಗಳಿಗೇ ಸಿಗ್ನಲ್ ದೀಪ ಹಾಕಬೇಕಾಗಿ ಬಂದಿತು. ನಾವು ಆ ಸ್ಥಿತಿಯಲ್ಲಿದ್ದೇವೆಯೋ ಇಲ್ಲವೋ ಎಂಬುದು ಎಣಿಸದೆ ಗೊತ್ತಾಗುವುದಿಲ್ಲ.

ವರ್ತಕ ಬಂಧುಗಳಿಗೆ ಒಂದು ಮಾತು ನೇರವಾಗಿಯೇ ಹೇಳುತ್ತೇನೆ. ಇಂದು ಸರ್ಕಲ್ಲು ಬಿಗಿಯುವುದು ಬಹುಮಟ್ಟಿಗೆ ಹೊರದಾರಿಯ ಬಾಯಲ್ಲಿ. ಅಲ್ಲಿ ಬಸ್ಸು ನಿಂತು ಜನರನ್ನು ಇಳಿಸುತ್ತದೆ, ಬಸ್ಸಿನ ಹಿಂದೆ ಆಟೋ, ಆಟೋ ಪಕ್ಕದಲ್ಲಿ ತಳ್ಳುಗಾಡಿ. ಹೊರದಾರಿ ಕಟ್ಟಿಕೊಂಡರೆ ಎರಡು ಸಾಲು ಮಾಡಲಿ, ನಾಲ್ಕು ಸಾಲು ಮಾಡಲಿ, ಎಲ್ಲವೂ ತುಂಬಿ ನಿಲ್ಲುತ್ತದೆ. ಬಸ್ಸು ನಿಲ್ಲುವ ಜಾಗವನ್ನು ಸರ್ಕಲ್ಲು ದಾಟಿ ಸಾಕಷ್ಟು ಮುಂದಕ್ಕೆ ಸರಿಸಬೇಕು. ತಳ್ಳುಗಾಡಿಗಳೂ ಬಾಯಿಯನ್ನು ಬಿಟ್ಟು ಆ ಬಸ್ ನಿಲ್ದಾಣದ ಹತ್ತಿರಕ್ಕೆ ಹೋಗಬೇಕು. ಗಿರಾಕಿ ಬಸ್ಸಿನಿಂದ ಇಳಿಯುವ ಕಡೆ ಹೋದರೆ ವ್ಯಾಪಾರ ಕೆಡುವುದಿಲ್ಲ. ಆದರೆ ಜಾಗ ಗೊತ್ತು ಮಾಡಿ, ಗೆರೆ ಎಳೆದು, ಚೀಟಿ ಕೊಟ್ಟ ಮೇಲೆ ಸರಿಯುವುದು ಬೇರೆ. ಲಾಠಿ ಹಿಡಿದವರು ಎಬ್ಬಿಸಿದರೆಂದು ಹೋಗುವುದು ಬೇರೆ.

ನಮ್ಮ ಅರ್ಜಿಯಲ್ಲಿ ಇದನ್ನೇ ಬರೆದಿದ್ದೇವೆ. ಮೊದಲು ವಾಹನಗಳನ್ನೂ ಸೈಕಲ್ಲುಗಳನ್ನೂ ನಡೆಯುವವರನ್ನೂ ಎಣಿಸಬೇಕು. ಎಣಿಕೆ ಮುಗಿಯುವ ತನಕ ಫುಟ್‌ಪಾತನ್ನು ಮುಟ್ಟಬಾರದು. ಬಸ್ಸಿನ ನಿಲುಗಡೆಯನ್ನು ಈಗಲೇ ಸರಿಸಿ ನೋಡಬೇಕು, ಇದಕ್ಕೆ ಟೆಂಡರು ಬೇಕಾಗಿಲ್ಲ. ಒಳಗೆ ಬರುವ ನಾಲ್ಕೂ ಕಡೆ ‘ಬಲಗಡೆಯವರಿಗೆ ದಾರಿ ಬಿಡಿ’ ಎಂಬ ಫಲಕವನ್ನು ಕನ್ನಡದಲ್ಲಿ ಹಾಕಬೇಕು. ದಾಟುವವರು ಒಂದೇ ಉಸಿರಿಗೆ ಓಡದೆ ನಡುವೆ ನಿಂತು ಇನ್ನೊಂದು ಕಡೆ ನೋಡಿ ದಾಟುವಂತೆ ಪ್ರತಿ ರಸ್ತೆಯ ಬಾಯಲ್ಲಿಯೂ ಸಣ್ಣ ಕಟ್ಟೆ ಕಟ್ಟಬೇಕು. ಎರಡು ಸಾಲು ಬೇಕೇ ಬೇಕೆಂದು ಎಣಿಕೆಯಿಂದ ಸಿದ್ಧವಾದರೆ ಸಾಲುಗಳ ನಡುವೆ ಬಣ್ಣದ ಬದಲು ಕಲ್ಲಿನ ಅಂಚು ಬರಬೇಕು, ಸೈಕಲ್ಲಿಗೆ ಬೇರೆ ದಾರಿ ಬರಬೇಕು.

ಎಣಿಕೆಗೆ ಸಿಬ್ಬಂದಿ ಇಲ್ಲವೆಂದು ಅವರು ಹೇಳಬಹುದು. ಹಾಗಾದರೆ ನಾವೇ ಎಣಿಸೋಣ. ಪ್ರತಿ ರಸ್ತೆಗೆ ಇಬ್ಬರಂತೆ ಎಂಟು ಜನ ಸಾಕು. ಬೆಳಗಿನ ಪಾಳಿಗೆ ಒಂದು ಗಂಟೆ, ಸಂಜೆ ಪಾಳಿ ಬಿಡುವಾಗ ಒಂದು ಗಂಟೆ, ಒಂದು ವಾರ. ಬರಲು ಇಷ್ಟವಿರುವವರು ಬಾಗಿಲ ಬಳಿಯ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು, ಪಾಳಿ ಬರೆದು ಹೋಗಿರಿ. ಅರ್ಜಿಯ ಪ್ರತಿಯೂ ಅಲ್ಲಿಯೇ ಇದೆ.