ಸಿನಿಮಾ ಯಾರಿಗೆ ಅರ್ಥವಾಗುತ್ತದೆ?

(ಸಂಘದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾರ ಸಂಬಳ, ಬೋನಸ್ಸು, ರಜೆಗಳ ಮಾತು ಬೇಡ, ಸಿನಿಮಾದ ವಿಷಯ ಮಾತನಾಡಿ ಎಂದು ನಮ್ಮ ತರುಣರು ಅಪ್ಪಣೆ ಮಾಡಿದ್ದಾರೆ. ಸಂತೋಷ. ನಾವು ಓದಿದ್ದು ಏಳನೆಯ ತರಗತಿ. ವಿಮರ್ಶಕರೆಂಬ ಹೆಸರು ನಮಗಿಲ್ಲ. ಆದರೆ ದುಡಿದ ಹಣ ಕೊಟ್ಟು ಸಿನಿಮಾ ನೋಡುವವರು ನಾವು. ನೋಡುವ ಹಕ್ಕಿದ್ದವನಿಗೆ ಆಡುವ ಹಕ್ಕೂ ಉಂಟು.

2024ರ ಡಿಸೆಂಬರ್ 20ರಂದು ಉಪೇಂದ್ರ ಅವರು ಬರೆದು, ನಿರ್ದೇಶಿಸಿ, ನಟಿಸಿದ ‘ಯುಐ’ ಚಿತ್ರ ಬಿಡುಗಡೆಯಾಯಿತು. ಕಾಲ ಕೆಟ್ಟು ನಿಂತ ಒಂದು ಲೋಕವನ್ನು ಕಲ್ಪಿಸಿ, ಹೊಡೆದಾಟ ಬಡಿದಾಟಗಳೊಡನೆ ಹೇಳುವ ಕಥೆ ಅದು. ಒಳ್ಳೆಯವನಾದ ಸತ್ಯ, ಕೇಡಿಗನಾದ ಕಲ್ಕಿ, ಎರಡೂ ಪಾತ್ರ ಅವರದೇ. ಚಿತ್ರದ ಆರಂಭದಲ್ಲಿಯೇ ಒಂದು ಸೂಚನೆ ಬರುತ್ತದೆ: ಬುದ್ಧಿವಂತರಾದರೆ ಈಗಲೇ ಎದ್ದು ಹೋಗಬೇಕು, ದಡ್ಡರಾದರೆ ಪೂರ್ತಿ ನೋಡಬೇಕು ಎಂಬ ಅರ್ಥದ್ದು. ಕಥೆಯೊಳಗೂ ಒಂದು ಸಿನಿಮಾ ಇದೆ. ಅದನ್ನು ನೋಡಿದ ಒಬ್ಬ ವಿಮರ್ಶಕನಿಗೆ, ಮತ್ತೆ ಮತ್ತೆ ನೋಡಿದರೂ, ವಿಮರ್ಶೆ ಬರೆಯಲಿಕ್ಕಾಗುವುದಿಲ್ಲ.

ಹೊರಗಿನ ಲೋಕದಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ. ವಿಚಾರ ದೊಡ್ಡದು, ಸಂಗೀತ ಚೆನ್ನ ಎಂದು ಕೆಲವರು ಬರೆದರು. ಕಥೆಯ ಎಳೆ ಸಿಕ್ಕಾಗಿದೆ ಎಂದು ಕೆಲವರು ಬರೆದರು. ನಮ್ಮಲ್ಲಿಯೂ ಪಾತ್ರೆ ತಿಕ್ಕುವ ಹೊತ್ತಿಗೆ ಎರಡು ಪಕ್ಷಗಳಾದವು. “ತಲೆನೋವು ಮಾರಾಯ್ರೇ” ಎಂದು ಒಬ್ಬರು. “ತಲೆ ಇದ್ದವನಿಗೆ ತಾನೇ ನೋವು” ಎಂದು ಇನ್ನೊಬ್ಬರು!

ಒಂದು ಸಂಗತಿಯನ್ನು ನಾವು ಗಮನಿಸಬೇಕು. ಇದೇ ಉಪೇಂದ್ರರು 2010ರಲ್ಲಿ ‘ಸೂಪರ್’ ಚಿತ್ರ ಮಾಡಿದರು. ಅದರಲ್ಲಿ 2030ನೆಯ ಇಸವಿಯ ನಮ್ಮ ನಾಡು ಸಿರಿವಂತವಾಗಿತ್ತು. ಬಿಳಿಯರು ಇಲ್ಲಿಗೆ ಕೂಲಿಗೆ ಬರುತ್ತಿದ್ದರು. ‘ಯುಐ’ ಬಿಡುಗಡೆಗೆ ಮೊದಲು ತೋರಿಸಿದ ತುಣುಕಿನಲ್ಲಿ 2040ನೆಯ ಇಸವಿ. ಅಲ್ಲಿ ಜನ ಹಸಿದಿದ್ದಾರೆ, ಕೆಲಸವಿಲ್ಲ. ಒಬ್ಬನೇ ಕಲೆಗಾರನ ಕನಸು ಹದಿನಾಲ್ಕು ವರ್ಷಗಳಲ್ಲಿ ಹೀಗೆ ತಿರುಗಿದೆ. ಏಕೆ ತಿರುಗಿತು ಎಂಬುದನ್ನು ಅಹಮದಾಬಾದಿನ ಹಿರಿಯ ಗಿರಣಿ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1861ರಿಂದ ಹೊಗೆಯಾಡಿದ ಊರಿನಲ್ಲಿ, 1980ರ ನಂತರ ಗಿರಣಿಯ ಮೇಲೆ ಗಿರಣಿ ಬಾಗಿಲು ಹಾಕಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಕೆಟ್ಟ ಕಾಲವೆಂಬುದು ಕೆಲವರಿಗೆ ಕಲ್ಪನೆ, ಕೆಲವರಿಗೆ ಹಳೆಯ ನೆನಪು.

ಈಗ ಕೊರಿಯಾ ದೇಶಕ್ಕೆ ಹೋಗೋಣ. ಅಲ್ಲಿಯ ಬಾಂಗ್ ಜೂನ್ ಹೋ ಎಂಬ ನಿರ್ದೇಶಕರು 2013ರಲ್ಲಿ ‘ಸ್ನೋಪಿಯರ್ಸರ್’ ಎಂಬ ಚಿತ್ರ ತೆಗೆದರು. ಮೂಲ ಒಂದು ಫ್ರೆಂಚ್ ಚಿತ್ರಕಥೆಯ ಪುಸ್ತಕ. ಭೂಮಿಯ ಕಾವು ಇಳಿಸಲು ಹೋಗಿ ಮನುಷ್ಯ ಇಡೀ ಜಗತ್ತನ್ನೇ ಹಿಮಗಟ್ಟಿಸಿಬಿಡುತ್ತಾನೆ. ಉಳಿದ ಜನರೆಲ್ಲ ಒಂದೇ ರೈಲಿನಲ್ಲಿ. ಆ ರೈಲು ನಿಲ್ಲದೆ ಹದಿನೇಳು ವರ್ಷಗಳಿಂದ ಭೂಮಿ ಸುತ್ತುತ್ತಿದೆ. ಮುಂದಿನ ಡಬ್ಬಿಗಳಲ್ಲಿ ಹಣ್ಣಿನ ತೋಟ, ಸ್ನಾನದ ಕೊಳ, ಶಾಲೆ, ಕುಣಿತ. ಕೊನೆಯ ಡಬ್ಬಿಯಲ್ಲಿ ಕಿಟಕಿಯೂ ಇಲ್ಲದ ಕತ್ತಲೆ. ತಿನ್ನಲು ಕಪ್ಪು ಅಂಟಿನಂಥ ಒಂದು ಗಟ್ಟಿ. ಹಿಂದಿನವರು ದಂಗೆಯೆದ್ದು ಡಬ್ಬಿಯಿಂದ ಡಬ್ಬಿಗೆ ಇಂಜಿನ್ನಿನತ್ತ ನುಗ್ಗುವುದೇ ಕಥೆ.

ಕೊರಿಯಾದಲ್ಲಿ ತೊಂಬತ್ತು ಲಕ್ಷಕ್ಕೂ ಹೆಚ್ಚು ಟಿಕೇಟು ಮಾರಿತು. ಆದರೆ ಅಮೆರಿಕದ ಹಂಚಿಕೆದಾರರು ಸುಮಾರು ಇಪ್ಪತ್ತು ನಿಮಿಷ ಕತ್ತರಿಸಬೇಕೆಂದರು; ಸಾಮಾನ್ಯ ಪ್ರೇಕ್ಷಕನಿಗೆ ಇಷ್ಟೆಲ್ಲ ತಿಳಿಯದೆಂದು ಅವರ ಎಣಿಕೆ. ನಿರ್ದೇಶಕರು ಒಪ್ಪಲಿಲ್ಲ. ಕೊನೆಗೆ 2014ರ ಜೂನ್‌ನಲ್ಲಿ ಕತ್ತರಿಯಾಡಿಸದೆಯೇ, ಆದರೆ ಕೆಲವೇ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ಇದೇ ನಿರ್ದೇಶಕರ ‘ಪ್ಯಾರಸೈಟ್’ 2020ರಲ್ಲಿ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆಯಿತು.

ಸಾಮಾನ್ಯನಿಗೆ ತಿಳಿಯದಂತೆ! ಬಂಧುಗಳೇ, ಈ ಚಿತ್ರವನ್ನು ನಾವು ಹೊಟೇಲಿನ ಮಾಳಿಗೆಯ ಮೇಲೆ, ರಾತ್ರಿ ಗಲ್ಲಾ ಮುಚ್ಚಿದ ಮೇಲೆ, ಒಂದು ಮೊಬೈಲಿನ ಸುತ್ತ ಎಂಟು ಮಂದಿ ಕುಳಿತು ನೋಡಿದೆವು. ಇಂಗ್ಲಿಷು ಬಲ್ಲ ಒಬ್ಬ ತರುಣ ಮಾತನ್ನು ಹೇಳುತ್ತ ಹೋದ. ಅರ್ಧ ಗಂಟೆಯ ನಂತರ ಅವನು ಹೇಳುವ ಅಗತ್ಯವೇ ಬೀಳಲಿಲ್ಲ. ಕೊಂಕಣ ರೈಲಿನ ಜನರಲ್ ಡಬ್ಬಿಯಲ್ಲಿ ಕಕ್ಕಸಿನ ಬಾಗಿಲಿಗೆ ಒರಗಿ ಬಂದವನಿಗೆ ಕೊನೆಯ ಡಬ್ಬಿಯ ಅರ್ಥ ಯಾರು ಹೇಳಬೇಕು?

ಆ ಕಪ್ಪು ಗಟ್ಟಿ ಯಾವುದರಿಂದ ಮಾಡಿದ್ದೆಂದು ಅಡುಗೆಯ ಡಬ್ಬಿ ತಲುಪಿದಾಗ ತಿಳಿಯುತ್ತದೆ: ಹುಳಗಳಿಂದ. ಗಿರಾಕಿಗೆ ಬಿಸಿ ದೋಸೆ ಕೊಟ್ಟು, ತಾನು ನಿನ್ನೆಯ ಅನ್ನ ಉಣ್ಣುವ ಮಾಣಿಗೆ ಅದು ತಿಳಿಯಿತು. ಹಿಂದಿನವರು ತಂದೆಯಂತೆ ನಂಬಿದ ಮುದುಕನೂ ಇಂಜಿನ್ನಿನ ಧಣಿಯೂ ಒಳಗೊಳಗೇ ಮಾತಾಡಿಕೊಂಡಿದ್ದರು ಎಂಬುದೂ ಹೊರಬೀಳುತ್ತದೆ. ಆಗ ನಮ್ಮ ಮಾಳಿಗೆಯಲ್ಲಿ ಎಲ್ಲರೂ ನಮ್ಮ ಮುಖವನ್ನೇ ನೋಡಿದರು! ನೋಡಲಿ. ಸಂಘದ ಮುಂದಾಳುಗಳ ಮೇಲೆ ಸದಸ್ಯರು ಕಣ್ಣಿಟ್ಟಿರುವುದು ಒಳ್ಳೆಯದೇ. ಲೆಕ್ಕದ ಪುಸ್ತಕ ಅದೋ ಆ ಮೇಜಿನ ಮೇಲಿದೆ.

ಆದರೆ ಕೊನೆಯ ದೃಶ್ಯದಲ್ಲಿ ಯಾರೂ ನಗಲಿಲ್ಲ. ಇಂಜಿನ್ನಿನ ಒಂದು ಭಾಗ ಸವೆದುಹೋಗಿದೆ, ಹೊಸದು ಸಿಗದು. ಆ ಸಂದಿಯಲ್ಲಿ ಹಿಡಿಸುವುದು ಸಣ್ಣ ಮಗು ಮಾತ್ರ. ಅದಕ್ಕಾಗಿ ಕೊನೆಯ ಡಬ್ಬಿಯ ಮಕ್ಕಳನ್ನು ಅಳತೆ ನೋಡಿ ಒಯ್ಯುತ್ತಿದ್ದರು. ನೆಲದ ಹಲಗೆ ಎತ್ತಿದರೆ ಒಳಗೆ ಒಬ್ಬ ಹುಡುಗ, ಮಾತಿಲ್ಲದೆ ಕೈಯಾಡಿಸುತ್ತಿದ್ದಾನೆ. ದಂಗೆಯ ನಾಯಕ ಓಡುವ ಚಕ್ರದೊಳಗೆ ತನ್ನ ಕೈಯನ್ನೇ ಕೊಟ್ಟು ಹುಡುಗನನ್ನು ಎಳೆದು ತೆಗೆಯುತ್ತಾನೆ.

ಬಂಧುಗಳೇ, ನಮ್ಮ ಹೊಟೇಲುಗಳ ಹಿಂಬದಿಯ ಮೋರಿಯ ಹತ್ತಿರ ಲೋಟ ತೊಳೆಯಲು ಯಾರನ್ನು ಕೂರಿಸುತ್ತಿದ್ದರು? ನಾವೂ ಹದಿಮೂರು ತುಂಬುವ ಮೊದಲೇ ಊರಿನ ಒಬ್ಬ ಹಿರಿಯರ ಕೈ ಹಿಡಿದು ಬಂದವರು. ಆ ಹೊಟೇಲಿನ ಹೆಸರು ಬೇಡ. ಸೋಡಾ ಪುಡಿಯ ನೀರಿನಲ್ಲಿ ಬೆರಳ ಸಂದಿ ಬಿರಿದು, ರಾತ್ರಿ ಉಪ್ಪು ಮುಟ್ಟಿದರೆ ಉರಿಯುತ್ತಿತ್ತು. ಸಣ್ಣ ಕೈ ಲೋಟದೊಳಗೆ ಚೆನ್ನಾಗಿ ಹೋಗುತ್ತದೆ ಎಂದು ಧಣಿಗಳು ಮೆಚ್ಚಿಕೊಂಡಿದ್ದರು. ಕೊರಿಯಾದ ಚಿತ್ರದಲ್ಲಿ ಕೇಳಿದ ಮಾತೂ ಅದೇ ಅಲ್ಲವೇ?

2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೊಟೇಲು, ಢಾಬಾ, ಮನೆಗೆಲಸಗಳಲ್ಲಿ ಇಡುವುದು ಅಪರಾಧ. 2016ರ ತಿದ್ದುಪಡಿಯ ನಂತರ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಸೆರೆ, ಇಲ್ಲವೇ ಇಪ್ಪತ್ತರಿಂದ ಐವತ್ತು ಸಾವಿರ ದಂಡ, ಇಲ್ಲವೇ ಎರಡೂ. ಕಾನೂನು ಗೋಡೆಯ ಮೇಲಿದೆ. ಹುಡುಗ ಇನ್ನೂ ಕೆಲವು ಕಡೆ ಗೋಡೆಯ ಹಿಂದಿದ್ದಾನೆ. ಕೇಳಿದರೆ “ನಮ್ಮ ಅಕ್ಕನ ಮಗ, ರಜೆಗೆ ಬಂದಿದ್ದಾನೆ” ಎನ್ನುತ್ತಾರೆ. ಜೂನ್ ಕಳೆದರೂ ಮುಗಿಯದ ರಜೆ ಅದು.

“ಊರಿನಲ್ಲಿ ಹಸಿದಿರುವುದಕ್ಕಿಂತ ಇಲ್ಲಿ ಎರಡು ಹೊತ್ತು ಉಣ್ಣಲಿ” ಎನ್ನುವವರುಂಟು. ಅವರು ಕೆಟ್ಟವರಲ್ಲ, ನಮ್ಮನ್ನು ಕರೆತಂದವರೂ ಹಾಗೆಯೇ ಎಣಿಸಿದವರು. ಆದರೆ ಇಂದು ಊರಿನ ಸರಕಾರಿ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. 2010ರಿಂದ ಹದಿನಾಲ್ಕರವರೆಗಿನ ಓದು ಮಗುವಿನ ಹಕ್ಕಾಗಿದೆ. ಇನ್ನೊಂದು ಮಾತು. ಹುಡುಗ ಅರ್ಧ ಸಂಬಳಕ್ಕೆ ಕೂತ ಕಡೆ ದೊಡ್ಡವನಿಗೆ ಪೂರಾ ಸಂಬಳ ಹುಟ್ಟುವುದಿಲ್ಲ. ಮಗುವಿನ ದುಡಿಮೆ ತಂದೆಯ ಕೂಲಿಯನ್ನೇ ತಿನ್ನುತ್ತದೆ.

ಆದ್ದರಿಂದ ನಮ್ಮ ವಿಜ್ಞಾಪನೆ ಇಷ್ಟು. ಈ ಸಂಘದ ಯಾವ ಸದಸ್ಯನೂ ಹದಿನಾಲ್ಕು ತುಂಬದ ಹುಡುಗನನ್ನು ಊರಿನಿಂದ ಕೆಲಸಕ್ಕೆಂದು ಕರೆತರಕೂಡದು. ಎಲ್ಲಿಯಾದರೂ ಕಂಡರೆ ಮೊದಲು ಸಂಘಕ್ಕೆ ತಿಳಿಸಿರಿ. ನಾವು ಧಣಿಗಳೊಡನೆ ಮಾತಾಡಿ ಹುಡುಗನನ್ನು ಊರಿಗೆ, ಶಾಲೆಗೆ ಮುಟ್ಟಿಸುವ ದಾರಿ ನೋಡೋಣ. ಮಾತು ನಡೆಯದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ದುಡ್ಡು ಬೀಳುವುದಿಲ್ಲ. ಟಿಕೇಟಿನ ಹಣಕ್ಕೆ ಸಂಘದಲ್ಲಿ ಒಂದು ಡಬ್ಬಿ ಇಡೋಣ. ತಿಂಗಳಿಗೆ ಒಂದು ಸಿನಿಮಾದ ಖರ್ಚನ್ನು ಅದರೊಳಗೆ ಹಾಕಿದರೆ ಸಾಕು.

ಬುದ್ಧಿವಂತರು ಎದ್ದು ಹೋಗಲಿ ಎಂದರು ಉಪೇಂದ್ರರು. ನಾವು ಕೂತು ನೋಡಿದ್ದೇವೆ. ಅರ್ಥವಾಯಿತೋ ಇಲ್ಲವೋ ಎಂಬುದಕ್ಕೆ ಪತ್ರಿಕೆಯ ವಿಮರ್ಶೆ ಬೇಡ. ನಾಳೆ ಬೆಳಗ್ಗೆ ಮೋರಿಯ ಹತ್ತಿರ ಯಾರು ಕೂತಿದ್ದಾರೆಂದು ನೋಡಿದರೆ ತಿಳಿಯುತ್ತದೆ.