ಒಂದು ಕೋಟೆ, ಎರಡು ದೇಶ



2009ರ ಆಗಸ್ಟ್ 21ರಂದು ಹಂಗೇರಿಯ ಅಂದಿನ ಅಧ್ಯಕ್ಷ ಲಾಸ್ಲೊ ಶೋಯೊಮ್ ಡ್ಯಾನ್ಯೂಬ್ ನದಿಯ ಸೇತುವೆಯೊಂದರ ಮೇಲೆ ನಡೆದು ಬಂದರು. ನಡುಮಧ್ಯದವರೆಗೆ ಬಂದು ನಿಂತರು. ಅಲ್ಲಿಂದಲೇ ಹಿಂದಿರುಗಿದರು. ಆಚೆ ದಡದಲ್ಲಿ ಹಂಗೇರಿಯ ಮೊದಲ ದೊರೆ ಸಂತ ಸ್ಟೀಫನ್‌ನ ಪ್ರತಿಮೆ ಅನಾವರಣಕ್ಕೆ ಕಾದಿತ್ತು. ಆದರೆ ಆಚೆ ದಡ ಸ್ಲೊವಾಕಿಯಾಕ್ಕೆ ಸೇರಿದ್ದು. 1968ರಲ್ಲಿ ಅದೇ ದಿನ ಸೋವಿಯತ್ ನೇತೃತ್ವದ ಸೇನೆಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದವು. ಅವುಗಳಲ್ಲಿ ಹಂಗೇರಿಯ ಸೇನೆಯೂ ಇತ್ತು. ಅಂಥ ದಿನ ಈ ಭೇಟಿ ಬೇಡವೆಂದು ಸ್ಲೊವಾಕಿಯಾ ತಡೆಯಿತು. ಜಗಳ ಐರೋಪ್ಯ ನ್ಯಾಯಾಲಯದ ಮೆಟ್ಟಿಲೇರಿತು. 2012ರಲ್ಲಿ ಹಂಗೇರಿಯ ದೂರನ್ನು ನ್ಯಾಯಾಲಯ ತಳ್ಳಿಹಾಕಿತು.

ವಿಚಿತ್ರವೆಂದರೆ ಆ ಸೇತುವೆಯ ಎರಡು ತುದಿಗಳಲ್ಲಿರುವುದು ಒಂದೇ ಊರು. ದಕ್ಷಿಣ ದಡದಲ್ಲಿ ಅದರ ಹೆಸರು ಕೊಮಾರೊಮ್, ಉತ್ತರ ದಡದಲ್ಲಿ ಕೊಮಾರ್ನೊ. ಆ ಊರನ್ನು ಸುತ್ತುವರಿದ ಕೋಟೆಯೂ ಒಂದೇ. ಅರ್ಧ ಒಂದು ದೇಶದಲ್ಲಿದೆ, ಅರ್ಧ ಇನ್ನೊಂದರಲ್ಲಿ.

ಕನ್ನಡದಲ್ಲಿ ಜಲದುರ್ಗ ಎಂಬ ಹಳೆಯ ಮಾತಿದೆ. ನೀರನ್ನೇ ಕಂದಕ ಮಾಡಿಕೊಂಡ ಕೋಟೆ ಅದು. ಕೊಮಾರ್ನೊ ಅಂಥದೊಂದು ಜಲದುರ್ಗ. ವಾಹ್ ನದಿ ಉತ್ತರದಿಂದ ಹರಿದುಬಂದು ಇಲ್ಲಿ ಡ್ಯಾನ್ಯೂಬನ್ನು ಸೇರುತ್ತದೆ. ಎರಡು ನದಿಗಳ ನಡುವೆ ನಾಲಿಗೆಯಂತೆ ಚಾಚಿದ ನೆಲ. ಮೇಲ್ಗಡೆ ವಿಯೆನ್ನಾ, ಕೆಳಗಡೆ ಬುಡಾ. ಸೈನ್ಯ, ದವಸ, ಮದ್ದುಗುಂಡು ಎಲ್ಲವೂ ದೋಣಿಯಲ್ಲಿ ಸಾಗುತ್ತಿದ್ದ ಕಾಲದಲ್ಲಿ ಈ ಸಂಗಮ ಯಾರ ಕೈಯಲ್ಲಿತ್ತೋ ನದಿಯೂ ಅವರದೇ.

1526ರಲ್ಲಿ ಮೊಹಾಚ್ ಕಾಳಗದಲ್ಲಿ ಹಂಗೇರಿಯ ದೊರೆ ಸತ್ತ. 1541ರಲ್ಲಿ ಬುಡಾ ತುರ್ಕರ ವಶವಾಯಿತು. ಮುಂದಿನ ಗುರಿ ವಿಯೆನ್ನಾ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹ್ಯಾಬ್ಸ್‌ಬರ್ಗ್ ದೊರೆ ಮೊದಲನೆಯ ಫರ್ಡಿನಾಂಡ್ ಸಂಗಮದಲ್ಲಿ ಹೊಸ ರೀತಿಯ ಕೋಟೆ ಕಟ್ಟಿಸಿದ. 1546ರಿಂದ 1557ರವರೆಗೆ ನಡೆದ ಕೆಲಸವದು. ಇಂದು ಅದನ್ನು ಹಳೆಯ ಕೋಟೆ ಎನ್ನುತ್ತಾರೆ. ಎತ್ತರದ ಗೋಡೆ ಫಿರಂಗಿಗೆ ಸುಲಭದ ಗುರಿ. ಅದಕ್ಕೆಂದೇ ಇಲ್ಲಿ ಗೋಡೆ ತಗ್ಗು, ದಪ್ಪ. ಒಳಗೆ ಮಣ್ಣಿನ ಭರ್ತಿ. ಮೂಲೆಗಳಲ್ಲಿ ಬಾಣದ ತುದಿಯಂತೆ ಮುಂಚಾಚಿದ ಬುರುಜುಗಳು. ಒಂದು ಬುರುಜಿನ ಬುಡಕ್ಕೆ ಬಂದ ಶತ್ರು ಪಕ್ಕದ ಬುರುಜಿನ ಗುಂಡಿಗೆ ಸಿಕ್ಕಲೇಬೇಕು.

1594ರಲ್ಲಿ ತುರ್ಕರು ಮುತ್ತಿಗೆ ಹಾಕಿದರು. ಕೋಟೆ ಬಗ್ಗಲಿಲ್ಲ. 1663ರಲ್ಲಿ ನೆರೆಯ ನೋವೆ ಜಾಮ್ಕಿ ಕೋಟೆ ತುರ್ಕರ ವಶವಾದಾಗ, ನೀರಿನ ಆಸರೆಯಿಲ್ಲದ ನೆಲದ ಕಡೆಗೆ ಇನ್ನೊಂದು ಕೋಟೆ ಸೇರಿಸಲಾಯಿತು. 1673ರಲ್ಲಿ ಮುಗಿದ ಅದೇ ಹೊಸ ಕೋಟೆ. ಗೋಡೆಯ ಮೂಲೆಯೊಂದರಲ್ಲಿ ಕನ್ಯೆಯೊಬ್ಬಳ ಕಲ್ಲಿನ ಮೂರ್ತಿಯಿದೆ. ಜೊತೆಗಿರುವ ಲ್ಯಾಟಿನ್ ಬರಹದ ಅರ್ಥ: ಉಪಾಯದಿಂದಲೂ ಆಗದು, ಬಲದಿಂದಲೂ ಆಗದು.

ಶತ್ರುವಿಗೆ ಆಗದ ಕೆಲಸವನ್ನು ಭೂಮಿ ಮಾಡಿತು. 1763 ಮತ್ತು 1783ರ ಭೂಕಂಪಗಳಲ್ಲಿ ಊರು, ಕೋಟೆ ಎರಡೂ ಜಖಂಗೊಂಡವು. ತುರ್ಕರ ಭಯ ಅಷ್ಟರಲ್ಲಿ ಕಳೆದಿತ್ತು. ಎರಡನೆಯ ಜೋಸೆಫ್ ಚಕ್ರವರ್ತಿ ಕೋಟೆಯನ್ನು ಕೈಬಿಟ್ಟ.

ಅದಕ್ಕೆ ಮರುಜೀವ ಕೊಟ್ಟವನು ನೆಪೋಲಿಯನ್. 1809ರಲ್ಲಿ ಅವನು ವಿಯೆನ್ನಾ ಹಿಡಿದಾಗ ಚಕ್ರವರ್ತಿ ಫ್ರಾನ್ಸಿಸ್ ಇಲ್ಲಿ ಆಶ್ರಯ ಪಡೆದ. ಸಾಮ್ರಾಜ್ಯಕ್ಕೊಂದು ಕೊನೆಯ ಆಸರೆ ಬೇಕೆಂಬುದು ಆಗ ಮನದಟ್ಟಾಯಿತು. ಎರಡು ಲಕ್ಷ ಸೈನಿಕರಿಗೆ ನೆಲೆಯಾಗಬಲ್ಲ ಕೋಟೆ ವ್ಯವಸ್ಥೆ ಯೋಜನೆಯಾಯಿತು. ಊರಿನ ಪಶ್ಚಿಮಕ್ಕೆ ಬುರುಜುಗಳ ಸಾಲೊಂದು ಎದ್ದಿತು. ಅದು ಪ್ಯಾಲಟೈನ್ ಸಾಲು.

ಯೋಜನೆ ಪೂರ್ಣವಾಗುವ ಮೊದಲೇ ಪರೀಕ್ಷೆ ಬಂತು. ಅದೂ ಕಟ್ಟಿಸಿದವರ ವಿರುದ್ಧವೇ! 1848–49ರ ಹಂಗೇರಿಯನ್ ಸ್ವಾತಂತ್ರ್ಯ ಸಮರದಲ್ಲಿ ಕೋಟೆ ಬಂಡಾಯಗಾರರ ಕೈಯಲ್ಲಿತ್ತು. 1849ರ ಆಗಸ್ಟ್‌ನಲ್ಲಿ ಹಂಗೇರಿಯ ಮುಖ್ಯ ಸೇನೆ ಶಸ್ತ್ರ ಕೆಳಗಿಟ್ಟಿತು. ಆ ಮೇಲೂ ಜನರಲ್ ಕ್ಲಾಪ್ಕಾ ಇಲ್ಲಿ ಬಾವುಟ ಇಳಿಸಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಕೋಟೆ ಬಿಟ್ಟುಕೊಟ್ಟದ್ದೂ ಚೌಕಾಸಿಯ ನಂತರ. ತನ್ನ ದಂಡಿಗೆ ಕ್ಷಮಾದಾನ ಪಡೆದುಕೊಂಡೇ. ಅದೇ ತಿಂಗಳ 6ರಂದು ಅರಾದ್‌ನಲ್ಲಿ ಹಂಗೇರಿಯನ್ ಸೇನೆಯ ಹದಿಮೂರು ಮಂದಿ ನಾಯಕರಿಗೆ ಮರಣದಂಡನೆಯಾಯಿತು. ಗಟ್ಟಿ ಗೋಡೆಯ ಬೆಲೆ ಏನೆಂಬುದು ಕ್ಲಾಪ್ಕಾನ ಸೈನಿಕರಿಗೆ ಗೊತ್ತಿತ್ತು.

ಆಸ್ಟ್ರಿಯನ್ನರೂ ಪಾಠ ಕಲಿತರು. 1849ರ ಕಾಳಗಗಳು ನಡೆದದ್ದು ದಕ್ಷಿಣ ದಡದ ಮರಳುಗುಡ್ಡದ ಸುತ್ತ. ಆ ಗುಡ್ಡ ಹಿಡಿದವನಿಗೆ ನದಿ, ಊರು ಎರಡೂ ಫಿರಂಗಿಯ ಅಳತೆಯಲ್ಲಿ. ಹಾಗಾಗಿ 1850ರಿಂದ 1871ರ ನಡುವೆ ಅಲ್ಲಿ ಮೊನೊಶ್ತೊರ್ ಎಂಬ ಭಾರಿ ಕೋಟೆ ಎದ್ದಿತು. ನದಿ ದಾಟುವ ಜಾಗ ಕಾಯಲು ನಕ್ಷತ್ರ ಕೋಟೆ. ಫಿರಂಗಿಗಳ ದೂರ ಹೆಚ್ಚಿದಂತೆ ಮತ್ತಷ್ಟು ದಕ್ಷಿಣಕ್ಕೆ ಇಗ್ಮಾಂಡ್ ಕೋಟೆ. ಅದು 1877ರಲ್ಲಿ ಮುಗಿಯಿತು. ಇಷ್ಟಾಗುವ ಹೊತ್ತಿಗೆ ಹೊಸ ಸಿಡಿಗುಂಡುಗಳು ಬರಲಿದ್ದವು. ಇಟ್ಟಿಗೆ ಕಲ್ಲಿನ ಕೋಟೆಗಳ ಕಾಲವೇ ಮುಗಿಯುತ್ತಿತ್ತು. ಪೂರ್ಣಗೊಂಡ ವ್ಯವಸ್ಥೆ ಒಂದು ಮುತ್ತಿಗೆಯನ್ನೂ ಕಾಣಲಿಲ್ಲ.

ಇಲ್ಲೊಂದು ಅಂಶ ಗಮನಿಸಬೇಕು. ಈ ಎಲ್ಲ ಕೋಟೆಗಳ ಲೆಕ್ಕದಲ್ಲಿ ಡ್ಯಾನ್ಯೂಬ್ ಮಧ್ಯದ ಬೀದಿ, ಗಡಿಯಲ್ಲ. ಒಂದು ದಡದ ಫಿರಂಗಿ ಇನ್ನೊಂದು ದಡಕ್ಕೆ ರಕ್ಷೆ. ಜನರ ಬದುಕೂ ಹಾಗೆಯೇ ಬೆಸೆದುಕೊಂಡಿತು. 1892ರಲ್ಲಿ ಕಬ್ಬಿಣದ ಸೇತುವೆ ಬಂತು. 1896ರಲ್ಲಿ ದಕ್ಷಿಣ ದಡದ ಊರು ಕೊಮಾರೊಮ್‌ನಲ್ಲಿ ವಿಲೀನವಾಯಿತು.

ಆ ಒಗ್ಗಟ್ಟು ಉಳಿದದ್ದು ಇಪ್ಪತ್ತನಾಲ್ಕೇ ವರ್ಷ. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿಗೆ 1920ರ ಟ್ರಿಯಾನೊನ್ ಒಪ್ಪಂದ ಹೊಸ ಗಡಿ ಎಳೆಯಿತು. ಇಲ್ಲಿ ನದಿಯೇ ಗಡಿ. ಉಪಾಯಕ್ಕೂ ಬಲಕ್ಕೂ ಮಣಿಯದ ಕೋಟೆ ಒಂದು ಸಹಿಗೆ ಇಬ್ಭಾಗವಾಯಿತು. 1938ರಲ್ಲಿ ಉತ್ತರ ದಡ ಮತ್ತೆ ಹಂಗೇರಿಗೆ ಸೇರಿತು. 1945ರ ನಂತರ ಮತ್ತೆ ಚೆಕೊಸ್ಲೊವಾಕಿಯಾಕ್ಕೆ.

ಕಾಪಾಡಲೆಂದು ಕಟ್ಟಿದ ಗೋಡೆಗಳು ಬೇರೆ ಕೆಲಸಕ್ಕೂ ಬಂದವು. 1944ರಲ್ಲಿ ಹಂಗೇರಿಯ ಫ್ಯಾಸಿಸ್ಟರು ಯಹೂದಿಗಳನ್ನೂ ರೋಮಾ ಸಮುದಾಯದವರನ್ನೂ ನಕ್ಷತ್ರ ಕೋಟೆಯಲ್ಲಿ ಕೂಡಿಹಾಕಿದರು. ರೋಮಾ ಜನರನ್ನು ಅಲ್ಲಿಂದ ಡಕಾವ್ ಶಿಬಿರಕ್ಕೆ ಸಾಗಿಸಿದರು. ಯುದ್ಧದ ನಂತರ ಮೊನೊಶ್ತೊರ್ 1990ರವರೆಗೆ ಸೋವಿಯತ್ ಸೇನೆಯ ಮದ್ದುಗುಂಡಿನ ಉಗ್ರಾಣವಾಗಿತ್ತು. ಊರವರಿಗೆ ಒಳಗೆ ಕಾಲಿಡುವಂತಿರಲಿಲ್ಲ.

2004ರಲ್ಲಿ ಎರಡೂ ದೇಶಗಳು ಐರೋಪ್ಯ ಒಕ್ಕೂಟ ಸೇರಿದವು. 2007ರ ಡಿಸೆಂಬರಿನಲ್ಲಿ ಗಡಿ ತಪಾಸಣೆ ರದ್ದಾಯಿತು. 2020ರಲ್ಲಿ ಎರಡನೆಯ ರಸ್ತೆ ಸೇತುವೆ ತೆರೆಯಿತು. ಮೊನೊಶ್ತೊರ್ ಈಗ ವಸ್ತುಸಂಗ್ರಹಾಲಯ. ಕೊಮಾರ್ನೊದಲ್ಲಿ ಇಂದಿಗೂ ಬಹುಪಾಲು ಜನರ ಮಾತು ಹಂಗೇರಿಯನ್.

ಹಾಗಾದರೆ ಕೋಟೆ ಮತ್ತೆ ಒಂದಾಯಿತೇ? ಪೂರ್ತಿ ಅಲ್ಲ. ವಿಶ್ವ ಪರಂಪರೆಗೆ ಸೇರಿಸಬೇಕಾದ ತಾಣಗಳ ತಾತ್ಕಾಲಿಕ ಪಟ್ಟಿಯಲ್ಲಿ ಸ್ಲೊವಾಕಿಯಾ 2002ರಲ್ಲಿ, ಹಂಗೇರಿ 2007ರಲ್ಲಿ ಈ ಕೋಟೆಯನ್ನು ಸೇರಿಸಿದವು. ಅರ್ಧಂಬರ್ಧ ಸೇರಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಅಲ್ಲೇ ಇದೆ. ರೋಮನ್ನರೂ ಇದೇ ಜಾಗದಲ್ಲಿ ಎರಡು ದಡಗಳಲ್ಲಿ ಜೋಡಿ ನೆಲೆ ಕಟ್ಟಿದ್ದರು. ದಕ್ಷಿಣದಲ್ಲಿ ಬ್ರಿಗೇಷಿಯೊ, ಎದುರಿಗೆ ಕೆಲಮಾಂಷಿಯಾ. 2021ರಲ್ಲಿ ಡ್ಯಾನ್ಯೂಬ್ ತೀರದ ರೋಮನ್ ಗಡಿ ವಿಶ್ವ ಪರಂಪರೆಯಾದಾಗ, ಅದಕ್ಕೆ ಮುನ್ನವೇ ಹಂಗೇರಿ ಹಿಂದೆ ಸರಿದಿತ್ತು. ಉತ್ತರ ದಡದ ಕೆಲಮಾಂಷಿಯಾ ಪಟ್ಟಿ ಸೇರಿತು. ಅದರ ಜೋಡಿ ಹೊರಗುಳಿಯಿತು.

ಮೊನೊಶ್ತೊರ್ ಒಂದನ್ನೇ ನೋಡಿ ಬಂದವರಿಗೆ ಅದು ದೊಡ್ಡ ಇಟ್ಟಿಗೆ ಕಲ್ಲಿನ ಕಟ್ಟಡ, ಅಷ್ಟೇ. ಅದರ ಫಿರಂಗಿಗಳು ಏನನ್ನು ಕಾಯುತ್ತಿದ್ದವು ಎಂದು ತಿಳಿಯಬೇಕಾದರೆ ಸೇತುವೆ ದಾಟಿ, ಆಚೆ ದಡದ ಹಳೆಯ ಕೋಟೆಯನ್ನೂ ನೋಡಿ ಬರಬೇಕು.